ಮಟ್ಟಿ ಹದ ಮಾಡಿ ಜೋಡಿ ಬಿಡುವ ಬಗೆ

ಮೈಸೂರಿನ ಹಳೇ ಗರಡಿಗಳಿಗೆ ತಲೆ ಬಗ್ಗಿಸದೆ ಒಳಗೆ ಹೋಗೋ ಹಾಗಿಲ್ಲ. ಬಾಗಿಲು ಗಿಡ್ಡ, ಕಿಟಕಿ ಅಂದರೆ ಒಂದು ಕಿಂಡಿ, ಒಳಗಿನ ನೆಲ ಬೀದಿಗಿಂತ ತಗ್ಗು. ದಸರೆಯಲ್ಲಿ ದೊಡ್ಡಕೆರೆ ಮೈದಾನದಲ್ಲಿ ನಡೆಯುವ ಕುಸ್ತಿಗಿಂತ ಈ ತಗ್ಗಿನೊಳಗಿನ ಕುಸ್ತಿಗೇ ಸೆಳೆತ ಜಾಸ್ತಿ ಅನ್ನೋರಲ್ಲಿ ನಾವೂ ಒಬ್ಬರು. ಗೋಡೆಗೊರಗಿ ಕೂತವನಿಗೆ ಪೈಲ್ವಾನರ ಉಸಿರು ಕೇಳುತ್ತೆ, ಪಟ್ಟು ಬಿಗಿಯಾದಾಗ ಬೆನ್ನಿನ ಯಾವ ಮಗ್ಗುಲು ಉಬ್ಬಿತು ಅನ್ನೋದೂ ಕಾಣುತ್ತೆ. ಇದೆಲ್ಲ ಮಟ್ಟಿ, ಅಂದರೆ ಕುಸ್ತಿ ಆಡೋ ಮಣ್ಣಿನ ಅಖಾಡ, ಚೆನ್ನಾಗಿದ್ದರೆ ಮಾತ್ರ. ಮಟ್ಟಿ ಕೆಟ್ಟಿದ್ದರೆ ಎಂಥ ಹುರಿಗಟ್ಟಿದ ಮೈಯೂ ಜಾರೋ ಮೂಟೆ.

16 ಅಡಿ ಚೌಕದ ಮಟ್ಟಿಗೆ ಒಂದೂಕಾಲು ಅಡಿ ಆಳ ತುಂಬಲು ಸುಮಾರು 320 ಘನ ಅಡಿ ಕೆಮ್ಮಣ್ಣು ಬೇಕು. ಜರಡಿ ಹಿಡಿಯದೆ ಒಂದು ಬಾಂಡಲಿಯನ್ನೂ ಸುರಿಯಬಾರದು. ಕಡಲೆಕಾಳಿನಷ್ಟು ಕಲ್ಲು ಸಾಕು, ಮೊಣಕೈ ಸೀಳಲು. ಜೇಡಿ ಹೆಚ್ಚಿದ್ದರೆ ಒಣಗಿ ಹೆಂಟೆಯಾಗುತ್ತೆ, ಮರಳು ಹೆಚ್ಚಿದ್ದರೆ ಚರ್ಮ ಉಜ್ಜಿ ಹೋಗುತ್ತೆ. ಇದಕ್ಕೆ ನಾವು 5 ಕೆಜಿ ಅರಿಶಿನ, 3 ಲೀಟರ್ ಎಳ್ಳೆಣ್ಣೆ, ನೂರು ನಿಂಬೆಹಣ್ಣಿನ ರಸ, ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ಬೇವಿನ ಸೊಪ್ಪು ಹಾಕ್ತೀವಿ. ಪೂಜೆ ದಿನ ಹಾಲು, ತುಪ್ಪ, ಕುಂಕುಮ, ಕರ್ಪೂರ ಸೇರುತ್ತೆ. ಹಾಲು ಶಾಸ್ತ್ರಕ್ಕೆ ಒಂದು ಲೋಟ ಸಾಕು. ಭಕ್ತಿ ಹೆಚ್ಚಾಗಿ ಕೊಡಗಟ್ಟಲೆ ಸುರಿದರೆ ಮೂರನೇ ದಿನಕ್ಕೇ ಹುಳಿ ವಾಸನೆ ಬರುತ್ತೆ, ಕಿಂಡಿಯಿಂದ ಅದು ಹೊರಗೆ ಹೋಗಲ್ಲ. ಎಣ್ಣೆಯೂ ಹಾಗೇ, ಮಿತಿ ಮೀರಿದರೆ ಮಣ್ಣು ಮೈಗೆ ಹತ್ತದೆ ಉದುರಿಹೋಗುತ್ತೆ.

ದಿನಾ ಬೆಳಿಗ್ಗೆ ಗುದ್ದಲಿಯಲ್ಲಿ ಅಡಿಯಿಂದ ಮೇಲಕ್ಕೆ ತಿರುವಿ, ನೀರು ಚಿಮುಕಿಸಿ, ಹಲಗೆ ಎಳೆದು ಮಟ್ಟ ಮಾಡಬೇಕು. ಹದ ನೋಡೋದು ಸುಲಭ: ಹಿಡಿ ಮಣ್ಣು ಅದುಮಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಒಡೀಬೇಕು. ಒಡೆಯದಿದ್ದರೆ ಅವತ್ತು ಜೋಡಿ ಬಿಡಬೇಡಿ. ಅಂಥ ಮಣ್ಣಲ್ಲಿ ಕಾಲು ಕಚ್ಚಿಕೊಳ್ಳುತ್ತೆ, ಮೈ ತಿರುಗುತ್ತೆ, ಮಂಡಿ ಹೋಗುತ್ತೆ.

ಜೋಡಿ ಕಟ್ಟುವಾಗ ತೂಕ ನೋಡೋದು ಸರಿ, 3 ಕೆಜಿ ಆಚೀಚೆ ಇರಲಿ. ಆದರೆ ತೋಳಿನ ದಪ್ಪ ನೋಡಿ ಮೋಸ ಹೋಗಬಾರದು. ಜಿಮ್ಮಲ್ಲಿ ಎದೆ, ತೋಳು ಬೆಳೆಸಿ ಬಂದವರ ಕತ್ತು, ಮುಂಗೈ ಎಳಸಾಗಿರುತ್ತೆ. ಎರಡು ನಿಮಿಷ ತೋಳು ಬಿಗಿಹಿಡಿದು ದೂಡ್ತಾರೆ, ಆಮೇಲೆ ಮುಷ್ಟಿ ತಾನಾಗಿ ಬಿಚ್ಚುತ್ತೆ. ದಂಡೆ, ಬಸ್ಕಿ, ಗದೆ ತಿರುಗಿಸಿದ ಮೈ ನೋಟಕ್ಕೆ ಸ್ವಲ್ಪ ಸಪ್ಪೆ, ಹಿಡಿತಕ್ಕೆ ಬಂದಾಗ ಗೊತ್ತಾಗುತ್ತೆ. ಜಿಮ್ಮಿಂದ ಬಂದವರನ್ನು ಇಳಿಸೋ ಮೊದಲು ಒಂದೆರಡು ತಿಂಗಳು ಕತ್ತಿನ ಸಾಮು ಮಾಡಿಸಿ.

ಮೈಗೆ ಎಣ್ಣೆ ಹಚ್ಚಿ ಇಳಿಯೋದು ನಮ್ಮಲ್ಲಿಲ್ಲ. ಕೈ ಮುಟ್ಟಿಸಿ, ಹಿಡಿ ಮಣ್ಣು ತೆಗೆದು ಎದುರಾಳಿಯ ಭುಜ, ಬೆನ್ನಿಗೆ ಎರಚಬೇಕು. ಬೆವರಿನ ಮೇಲೆ ಹಿಡಿತ ಸಿಗೋದೇ ಅದರಿಂದ. ನಡುವೆ ಮಣ್ಣು ಉದುರಿದರೆ ಮತ್ತೆ ಎರಚಬಹುದು, ಕಣ್ಣಿಗೆ ಬಿದ್ದರೆ ಉಸ್ತಾದರು ಬಿಡಿಸ್ತಾರೆ. ಹೊತ್ತಿನ ಮಿತಿ ಇಲ್ಲದ ಮಾರ್ಫಿಟ್ ಕುಸ್ತಿಯಾದರೆ ಎರಡು ಭುಜವೂ ಮಣ್ಣು ಮುಟ್ಟಿ ಚಿತ್ ಆಗೋವರೆಗೂ ಆಟ. ತಗ್ಗು ಸೂರಿನ ಕೆಳಗೆ ಸೆಕೆ ಬೇಗ ಏರುತ್ತೆ. ಎರಡು ಜೋಡಿ ಆದ ಮೇಲೆ ಕಾಲು ಗಂಟೆ ಬಾಗಿಲು ತೆರೆದಿಡಿ.

ಮುರಿದ ಕಿವಿ ಪೈಲ್ವಾನನ ಗುರುತು ಅಂತ ಹೆಮ್ಮೆಪಡೋರು ಬಹಳ. ಅದು ಚರ್ಮಕ್ಕೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿ ಗಟ್ಟಿಯಾಗೋದು, ಅಷ್ಟೆ. ಊದಿದ ಒಂದೆರಡು ದಿನದೊಳಗೆ ಡಾಕ್ಟರ ಹತ್ತಿರ ರಕ್ತ ತೆಗೆಸಿ ಬಿಗಿಯಾಗಿ ಕಟ್ಟಿಸಿದರೆ ಕಿವಿ ಉಳಿಯುತ್ತೆ. ಹುಳುಕಡ್ಡಿ ಇದ್ದವನನ್ನು ಮಾತ್ರ ಎಷ್ಟೇ ಗೋಗರೆದರೂ ಇಳಿಸಬೇಡಿ. ಅರಿಶಿನ, ಬೇವು ಇದೆ ಅಂತ ನೆಚ್ಚಿಕೊಂಡರೆ ತಿಂಗಳೊಳಗೆ ಇಡೀ ಗರಡಿ ಕೆರೀತಾ ಕೂರುತ್ತೆ.

ಕೊನೇ ಜೋಡಿ ಎದ್ದ ಮೇಲೆ ಬೆವರು ಬಿದ್ದ ಒದ್ದೆ ಜಾಗ ಹುಡುಕಿ, ಅಲ್ಲಿನ ಮಣ್ಣನ್ನು ಕೆದಕಿ ಹರವಿ ಬಾಗಿಲು ಹಾಕಿ.