ಹಲ್ಲು ಉದ್ದ ಆಗಿರ್ಲಿಲ್ಲ, ವಸಡು ಸರಿದಿತ್ತು: ನನ್ನ ಅನುಭವ

ಎರಡು ವರ್ಷದ ಹಿಂದೆ ಫ್ರಿಜ್ಜಲ್ಲಿಟ್ಟ ಮಜ್ಜಿಗೆ ಕುಡಿದಾಗ ಎಡಗಡೆ ಮೇಲಿನ ಕೋರೆಹಲ್ಲು ಜುಮ್ ಅಂತು, ಹುಳುಕಿರ್ಬೇಕು ಅಂತ ಕನ್ನಡೀಲಿ ನೋಡಿದ್ರೆ ಹುಳುಕಿಲ್ಲ, ಆದ್ರೆ ಆ ಹಲ್ಲು ಬಲಗಡೆದಕ್ಕಿಂತ ಉದ್ದ ಕಾಣ್ತಿತ್ತು. ಬುಡದಲ್ಲಿ ಹಳದಿ, ಉಗುರಲ್ಲಿ ಗೀರಿದ್ರೆ ಅಲ್ಲೊಂದು ಕಚ್ಚಿಗೆ ಉಗುರು ಸಿಕ್ಕಾಕೊಳ್ತಿತ್ತು.

ಡೆಂಟಿಸ್ಟ್ ನೋಡಿದ ತಕ್ಷಣ ಕೇಳಿದ್ದು, "ಬಲಗೈಲಿ ಬ್ರಷ್ ಮಾಡ್ತೀರಲ್ವಾ?" ಬಲಗೈಯವ್ರ ಬ್ರಷ್ ಎಡಗಡೆ ಜಾಸ್ತಿ ಒತ್ತುತ್ತಂತೆ, ಅದ್ರಲ್ಲೂ ಹಲ್ಲಿನ ಸಾಲು ತಿರುಗೋದೇ ಕೋರೆಹಲ್ಲಿನ ಹತ್ರ, ಅಲ್ಲಿ ವಸಡೂ ತೆಳು ಅದರ ಹಿಂದಿನ ಮೂಳೆನೂ ತೆಳು. ನಂದೋ ಹಾರ್ಡ್ ಬ್ರಷ್, ಗರಗಸ ಎಳೆದಂಗೆ ಎಳೆಯೋ ಅಭ್ಯಾಸ. ಚಿಕ್ಕೋನಿದ್ದಾಗ ಅಜ್ಜಿ ಇದ್ದಿಲು ಉಪ್ಪು ಕೈಗೆ ಹಾಕಿ "ಗಟ್ಟಿಯಾಗಿ ತಿಕ್ಕೋ" ಅಂತಿದ್ರು, ಪೇಸ್ಟ್ ಬಂದ್ಮೇಲೂ ಕೈ ಬದಲಾಗ್ಲಿಲ್ಲ. ವಸಡು ಸರಿದಿದ್ದು 3 ಮಿಲಿಮೀಟರ್. ಬೇರು ಹೊರಗೆ ಬಂದ್ರೆ ಅದಕ್ಕೆ ಎನಾಮಲ್ ರಕ್ಷಣೆ ಇರಲ್ಲ, ತಣ್ಣಗಿದ್ದು ಸೀದಾ ನರಕ್ಕೆ ಹೊಡೆಯೋದು ಅದಕ್ಕೇ.

ಎಲ್ಲರಿಗೂ ಇದೇ ಕಾರಣ ಅಲ್ಲ. ನಮ್ಮಪ್ಪಂಗೆ ಕಡ್ಡಿಪುಡಿ ಒತ್ತರಿಸೋ ಜಾಗದಲ್ಲೇ ವಸಡು ಹೋಗಿದೆ. ನಂಗೂ ಕೆಳಗಿನ ಮುಂದಿನ ಹಲ್ಲಿನ ಒಳಗಡೆ ಕಿಟ್ಟ ಕಟ್ಟಿ ವಸಡು ಊದಿತ್ತು, ಅಲ್ಲಿ ಬ್ರಷ್ ಸರಿಯಾಗಿ ಹೋಗ್ತಾನೇ ಇರ್ಲಿಲ್ಲ (ಒಂದು ಕಡೆ ಅತಿ, ಇನ್ನೊಂದು ಕಡೆ ಸೊನ್ನೆ). ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ಅತ್ತೆ ಹೆದರಿಸಿದ್ರು. ಮಾಡಿಸಿದ್ಮೇಲೆ ಒಂದು ವಾರ ನಾಲಿಗೆಗೆ ಸಂದು ಸಿಗ್ತಿತ್ತು ನಿಜ, ಆದ್ರೆ ಆ ಸಂದು ಮೊದ್ಲೇ ಇತ್ತು, ಕಿಟ್ಟ ತುಂಬಿತ್ತು ಅಷ್ಟೇ.

ಆಮೇಲೆ ಮಾಡಿದ್ದು ಇಷ್ಟು. ಸಾಫ್ಟ್ ಬ್ರಷ್, ಮುಷ್ಟಿ ಬಿಟ್ಟು ಪೆನ್ನು ಹಿಡಿದಂಗೆ ಹಿಡಿಯೋದು, ಎಳೆನ ವಸಡಿನ ಅಂಚಿಗೆ 45 ಡಿಗ್ರಿ ಓರೆ ಇಟ್ಟು ಅಲ್ಲೇ ಸಣ್ಣಗೆ ಅಲ್ಲಾಡಿಸಿ ವಸಡಿಂದ ಹಲ್ಲಿನ ತುದಿ ಕಡೆಗೆ ಹೊರಳಿಸೋದು. ನಿಂಬೆ ಶರಬತ್ತು ಕುಡಿದ್ರೆ ಅರ್ಧ ಗಂಟೆ ಬ್ರಷ್ ಮುಟ್ಟಲ್ಲ. ಮೊದಲ ವಾರ ಹಲ್ಲುಜ್ಜಿದಂಗೇ ಅನ್ನಿಸ್ತಿರ್ಲಿಲ್ಲ, ಕೈ ತಾನಾಗೇ ಗರಗಸಕ್ಕೆ ಹೋಗ್ತಿತ್ತು. ಪೊಟ್ಯಾಶಿಯಂ ನೈಟ್ರೇಟ್ ಇರೋ ಪೇಸ್ಟಿಂದ ಜುಮ್ ಅನ್ನೋದು ಸುಮಾರು ಒಂದು ತಿಂಗಳಿಗೆ ತಗ್ಗಿತು, ಎರಡು ದಿನಕ್ಕೆ ಬಿಟ್ಟಿದ್ರೆ ಗೊತ್ತೇ ಆಗ್ತಿರ್ಲಿಲ್ಲ.

ಹೋದ ತಿಂಗಳು ಮತ್ತೆ ಅಳೆದ್ರು, ಅದೇ 3. ಸರಿದಿದ್ದು ತಾನಾಗೇ ವಾಪಸ್ ಬೆಳೆಯಲ್ಲ, ಇನ್ನೂ ಸರಿದ್ರೆ ಬಾಯೊಳಗಿನ ಅಂಗುಳಿಂದ ಚೂರು ತೆಗೆದು ವಸಡಿಗೆ ಹೊಲಿಯೋ ಆಪರೇಷನ್ನು, ಸದ್ಯಕ್ಕೆ ಬೇಡ ಅಂದ್ರು. ಮೊದ್ಲೆಲ್ಲ ನನ್ನ ಬ್ರಷ್ ತಿಂಗಳಿಗೇ ಹಳೇ ಪೊರಕೆ ಥರ ಕೆದರ್ತಿತ್ತು, ಈಗ ಮೂರು ತಿಂಗಳಾದ್ರೂ ನೆಟ್ಟಗಿದೆ. ಹೆಂಡ್ತಿ ಅದನ್ನ ನೋಡಿ, "ರೀ, ದಿನಾ ಹಲ್ಲುಜ್ತೀರಾ ತಾನೆ?" ಅಂತಾಳೆ.