ದೀಪ ಹಚ್ಚಲು ಬಾರದ ಮಾಂತ್ರಿಕ

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕು ಜನ ಕೂಡುತ್ತೇವೆ. ಮೂವರು ಮಾಂತ್ರಿಕರಾಗುತ್ತಾರೆ, ಉಳಿದದ್ದೆಲ್ಲ ನಾನು. ಗುಡ್ಡ, ಮಳೆ, ಸುಂಕದ ಕಟ್ಟೆಯ ಕಾವಲುಗಾರ, ಹಾಳು ಗುಡಿಯ ದೆವ್ವ ಎಲ್ಲವೂ ನನ್ನ ಬಾಯಿಂದಲೇ ಬರಬೇಕು. ಹಲಗೆ, ಕಾಯಿ ಇಲ್ಲದೆ ಮಾತಿನಲ್ಲೇ ನಡೆಯುವ ಆಟ ಇದು. ಆಡುವವರು ಔಷಧ ಅಂಗಡಿ ಇಟ್ಟಿರುವ ಗೆಳೆಯ, ಕಾಲೇಜಿನಲ್ಲಿ ಕನ್ನಡ ಕಲಿಸುವ ಮೇಡಂ, ಪಿಯುಸಿ ಓದುತ್ತಿರುವ ಅಕ್ಕನ ಮಗ. ಆ ಜಗತ್ತಿನ ಮಂತ್ರವಿದ್ಯೆಗೆ ಪಂಥಗಳನ್ನು ಕಟ್ಟಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಒಂದು ವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಒಂದೂವರೆ ವರ್ಷ ಹಿಡಿಯಿತು.

ಮೊದಲು ಮಾಡಿದ್ದು ಸೋಮಾರಿಯ ಕೆಲಸ. ಇಂಥ ಆಟಗಳಿಗೆಲ್ಲ ಹಿರಿಯಣ್ಣನೆಂದರೆ 1974ರಲ್ಲಿ ಅಮೆರಿಕದಲ್ಲಿ ಹೊರಬಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಅದರ ಮುಂದಿನ ಆವೃತ್ತಿಗಳಲ್ಲಿ ಮಂತ್ರಗಳನ್ನು ಎಂಟು ಪಂಥಗಳಾಗಿ ಹಂಚಿದ್ದಾರೆ. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ಮರಳುವಾಗ ಅವಕ್ಕೆ ಕನ್ನಡದ ಹೆಸರಿಟ್ಟೆ: ರಕ್ಷೆ, ಆವಾಹನೆ, ಕಣಿ, ಮೋಡಿ, ಸ್ಫೋಟ, ಭ್ರಮೆ, ಪ್ರೇತವಿದ್ಯೆ, ರೂಪಾಂತರ. ಕಿವಿಗೆ ಚೆನ್ನಾಗಿಯೇ ಕೇಳಿಸಿದವು. ಮೂರನೆಯ ಭಾನುವಾರ ಅಳಿಯ ಕೇಳಿದ: "ಮಾಮಾ, ಗಾಯ ಮಾಯಿಸುವ ಮಂತ್ರ ಯಾವ ಪಂಥದ್ದು?"

ಹಳೆಯ ಆವೃತ್ತಿಗಳನ್ನು ತಿರುವಿ ನೋಡಿದೆ. ಮೊದಮೊದಲು ಅದು ಪ್ರೇತವಿದ್ಯೆಯಲ್ಲಿತ್ತು, ಏಕೆಂದರೆ ಜೀವ ಮತ್ತು ಸಾವು ಎರಡೂ ಆ ಪಂಥದ ಪಾಲು. ಮೂರನೆಯ ಆವೃತ್ತಿಯಲ್ಲಿ ಆವಾಹನೆಗೆ ಹೋಯಿತು. 2014ರಲ್ಲಿ ಬೆಂಕಿಯುಂಡೆ ಎಸೆಯುವ ಸ್ಫೋಟದ ಪಂಥಕ್ಕೆ ಸೇರಿತು. 2024ರಲ್ಲಿ ರಕ್ಷೆಗೆ ಬಂತು. ಗಾಯ ಅದೇ, ಮದ್ದು ಅದೇ, ಮನೆ ಮಾತ್ರ ನಾಲ್ಕು. ಔಷಧ ಅಂಗಡಿಯ ಗೆಳೆಯ ನಕ್ಕು, "ಇವು ಪಂಥಗಳಲ್ಲ, ಕಪಾಟಿನ ಖಾನೆಗಳು. ನಾನೂ ವರ್ಷಕ್ಕೊಮ್ಮೆ ಗುಳಿಗೆಗಳ ಜಾಗ ಬದಲಿಸುತ್ತೇನೆ" ಎಂದ. ಆ ಮಾತು ಚುಚ್ಚಿತು, ನಿಜವಾಗಿದ್ದರಿಂದ.

ಎರಡನೆಯ ಪ್ರಯತ್ನಕ್ಕೆ ನಮ್ಮದೇ ಗಂಟು ಬಿಚ್ಚಿದೆ. ತಂತ್ರಗ್ರಂಥಗಳಲ್ಲಿ ಷಟ್ಕರ್ಮಗಳಿವೆ: ಶಾಂತಿ, ವಶೀಕರಣ, ಸ್ತಂಭನ (ಅಲುಗದಂತೆ ನಿಲ್ಲಿಸುವುದು), ವಿದ್ವೇಷಣ (ಹಗೆ ಹುಟ್ಟಿಸುವುದು), ಉಚ್ಚಾಟನ (ಓಡಿಸುವುದು), ಮಾರಣ (ಕೊಲ್ಲುವುದು). ಇಲ್ಲಿ ವಿಂಗಡಿಸಿರುವುದು ಮಾಡುವವನ ಉದ್ದೇಶವನ್ನು. ಇದು ನನಗೆ ಬಹಳ ಹಿಡಿಸಿತು, ಆದರೆ ಆರರಲ್ಲಿ ನೆರೆಮನೆಯವರ ಮುಂದೆ ಹೇಳಿಕೊಳ್ಳುವಂಥದ್ದು ಒಂದೇ. ಆಟಗಾರರು ಎರಡು ವಾರ ಒಬ್ಬರನ್ನೊಬ್ಬರು ಸ್ತಂಭನ ಮಾಡುತ್ತ ಕುಳಿತರು, ಕಥೆಯೂ ಅಲ್ಲೇ ಸ್ತಂಭಿಸಿತು. ಇತ್ತ ಅವ್ವ ನನ್ನ ಟಿಪ್ಪಣಿ ಪುಸ್ತಕ ತೆರೆದು ನೋಡಿ, "ಮಾರಣ: ಏಳು ದಿನ, ಎರಡು ಕವಡೆ" ಎಂದಿದ್ದನ್ನು ಓದಿ, ರಾತ್ರಿ ಊಟಕ್ಕೆ ಬಡಿಸುವವರೆಗೂ ನನ್ನೊಡನೆ ಮಾತಾಡಲಿಲ್ಲ.

ಬಾನಾಮತಿ, ಅಂದರೆ ಮಾಟ, ಎಂಬ ಶಬ್ದವನ್ನಂತೂ ಆಟದೊಳಗೆ ಬಿಟ್ಟುಕೊಳ್ಳಲೇ ಇಲ್ಲ. ಉತ್ತರ ಕರ್ನಾಟಕದಲ್ಲಿ ಅದು ಬರೀ ಕಥೆಯ ಮಾತಲ್ಲ. ಅದರ ಹೆಸರಿನಲ್ಲಿ ಬಡವರನ್ನು, ಹೆಣ್ಣುಮಕ್ಕಳನ್ನು ಹಿಡಿದು ಹಿಂಸಿಸಿದ್ದಾರೆ. ಸರ್ಕಾರ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಭಾನುವಾರದ ಮೋಜಿಗೆ ಬಳಸುವ ಮಾತು ಅದಲ್ಲ.

ದಾರಿ ತೋರಿಸಿದ್ದು ಹಾಡು. ಹುಡುಗನಾಗಿದ್ದಾಗ ಮೂರು ವರ್ಷ ಹಿಂದುಸ್ತಾನಿ ಗಾಯನ ಕಲಿತು ಬಿಟ್ಟವನು ನಾನು. ನಮ್ಮ ಗುರುಗಳು ಆರು ತಿಂಗಳು ಮೊದಲ ಸ್ವರ ಷಡ್ಜದಿಂದ ಮೇಲೇಳಲು ಬಿಡಲಿಲ್ಲ. ಪಕ್ಕದ ಓಣಿಯಲ್ಲಿ ಬೇರೆ ಗುರುಗಳ ಬಳಿ ಕಲಿಯುತ್ತಿದ್ದ ಗೆಳೆಯ ಅಷ್ಟರಲ್ಲಿ ಬಿರುಸಾದ ತಾನ್ ಹೊಡೆಯುತ್ತಿದ್ದ, ನನಗೆ ಹೊಟ್ಟೆಕಿಚ್ಚು. ಈಗ ಪಂಥಗಳ ಗೋಜಲಿನಲ್ಲಿದ್ದಾಗ ಒಂದು ಬೆಳಗ್ಗೆ ಧಾರವಾಡ ಆಕಾಶವಾಣಿಯಲ್ಲಿ ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಬರುತ್ತಿತ್ತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಿಂತುಬಿಟ್ಟೆ. ಯಮನ್ ರಾಗ ಎಲ್ಲರಿಗೂ ಯಮನ್ನೇ. ಕಿರಾಣಾ ಘರಾಣೆಯವರು, ಅಂದರೆ ಆ ಗುರುಪರಂಪರೆಯಲ್ಲಿ ಕಲಿತವರು, ಹಾಡಿದರೆ ಒಂದೊಂದೇ ಸ್ವರದ ಮೇಲೆ ನಿಂತು, ಅದನ್ನು ಪೂರ್ತಿ ತೆರೆದು, ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಜೈಪುರ–ಅತ್ರೌಲಿ ಘರಾಣೆಯವರು ಸ್ವರವನ್ನು ಲಯದೊಳಗೆ ಹೆಣೆಯುತ್ತಾರೆ, ಅಪರೂಪದ ಜೋಡುರಾಗಗಳೆಂದರೆ ಅವರಿಗೆ ಹಬ್ಬ. ಘರಾಣೆಗಳು ಬೇರೆಯಾಗುವುದು ರಾಗದ ಪಟ್ಟಿಯಿಂದಲ್ಲ. ಯಾವುದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ, ಯಾರ ಮನೆಯಲ್ಲಿ ಎಷ್ಟು ವರ್ಷ ಕಳೆದಿದ್ದಾರೆ ಎಂಬುದರಿಂದ. ನನ್ನ ಮಾಂತ್ರಿಕರಿಗೆ ಇಲ್ಲದಿದ್ದುದು ಇದೇ. ಅವರಿಗೆ ಮಂತ್ರಗಳಿದ್ದವು, ಗುರುಗಳಿರಲಿಲ್ಲ. ಬರುವ ವಿದ್ಯೆ ಇತ್ತು, ಬಾರದ ವಿದ್ಯೆ ಇರಲಿಲ್ಲ.

ಅಂದೇ ಹೊಸ ಪುಸ್ತಕ ಶುರುಮಾಡಿದೆ. ಪ್ರತಿ ಪಂಥದ ಮೊದಲ ಸಾಲು ಒಂದು ನಿಷೇಧ ಆಗಿರಬೇಕು ಎಂದು ನಿಯಮ ಹಾಕಿಕೊಂಡೆ.

ಮೊದಲನೆಯದು ಒಂದೆಳೆ. ಈ ಪಂಥದವರು ಒಂದೇ ನಾದ ಹಿಡಿದು ನಿಲ್ಲುತ್ತಾರೆ. ಸರದಿ ಕಳೆದಂತೆ ಬಲ ಏರುತ್ತದೆ. ಐದು ಸರದಿ ನಿಂತರೆ ಕೋಟೆಯ ಬಾಗಿಲು ತೆರೆದೀತು, ನಡುವೆ ಉಸಿರು ತಪ್ಪಿದರೆ ಸೊಳ್ಳೆಯೂ ಹಾರಿಹೋಗದು. ಅವಸರ ಇವರಿಗೆ ನಿಷಿದ್ಧ. ಎರಡನೆಯದು ಹೆಣಿಗೆ. ಇವರು ಎರಡು ಫಲಗಳನ್ನು ಜೋಡಿಸಿಯೇ ಮಂತ್ರ ಹಾಕಬೇಕು, ಬಿಡಿಯಾಗಿ ಒಂದನ್ನು ಮಾಡಲು ಬಾರದು. ಕೇಳಲು ಇದು ದೊಡ್ಡ ಶಕ್ತಿ. ಆದರೆ ಹೆಣಿಗೆಯವನಿಗೆ ಬರೀ ಒಂದು ದೀಪ ಹಚ್ಚಲು ಆಗುವುದಿಲ್ಲ. ಬೆಳಕಿನ ಜೊತೆ ಚಳಿಯೋ ವಾಸನೆಯೋ ಮೌನವೋ ಬಂದೇ ಬರುತ್ತದೆ.

ಭ್ರಮೆಯ ಪಂಥಕ್ಕೆ ಹಾವೇರಿ ಜಿಲ್ಲೆಯಿಂದ ಸಾಲ ತಂದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಕಣ್ಣು ಕುಕ್ಕುತ್ತದೆ, ಖಾರ ಆ ಬಣ್ಣಕ್ಕೆ ತಕ್ಕಷ್ಟಿರುವುದಿಲ್ಲ. ಭ್ರಮೆ ಎಂದರೆ ಅದೇ ತಾನೇ. ಕೆಂಪುಮನೆ ಎಂದು ಹೆಸರಿಟ್ಟು, ಆ ಮೆಣಸಿನಕಾಯಿಯ ಎರಡು ಬಗೆಗಳಂತೆ ಕಡ್ಡಿ, ಡಬ್ಬಿ ಎಂದು ಎರಡು ಕವಲು ಮಾಡಿದೆ. ಇವರು ತೋರಿಸುವ ಹುಲಿ ಗರ್ಜಿಸಬಹುದು, ಕಚ್ಚುವಂತಿಲ್ಲ. ಗೆಳೆಯ ಇದನ್ನೇ ಆರಿಸಿಕೊಂಡ. ಕಣಿ ಹೇಳುವವರನ್ನು ಲಕ್ಕುಂಡಿಯ ಮೆಟ್ಟಿಲುಬಾವಿಗಳಿಗೆ ಇಳಿಸಿದೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಅಲ್ಲಿ ಹೇಳುತ್ತಾರಲ್ಲ, ಆ ಊರು. ಒಂದು ಮೆಟ್ಟಿಲಿಗೆ ಒಂದು ಪ್ರಶ್ನೆ, ಆದರೆ ಮರಳಿ ಹತ್ತುವಾಗ ಮೆಟ್ಟಿಲಿಗೊಂದು ನೆನಪನ್ನು ಕೆಳಗೇ ಬಿಟ್ಟು ಬರಬೇಕು.

ಇನ್ನೊಂದು ಜೋಡಿ ಪಂಥ ಮೇಡಂ ಕೊಟ್ಟದ್ದು. ಅಲ್ಲಮ ಮತ್ತು ಗೋರಕ್ಷನ ಕಥೆ ಗೊತ್ತಿರುವವರಿಗೆ ಗೊತ್ತು: ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದಿತು, ಅಲ್ಲಮನಿಗೆ ಬೀಸಿದರೆ ಗಾಳಿಯಲ್ಲಿ ಆಡಿದಂತೆ ಹಾದುಹೋಯಿತು. ಶರಣರನ್ನು ಆಟದ ಪಾತ್ರ ಮಾಡುವುದು ಸರಿಯಲ್ಲವೆಂದು ಹೆಸರು ಬಿಟ್ಟು ಚಿತ್ರ ಮಾತ್ರ ಇಟ್ಟುಕೊಂಡೆವು. ವಜ್ರದವರಿಗೆ ಏಟು ತಾಗದು, ಅಪ್ಪಿಕೊಂಡವರ ಬಿಸುಪೂ ತಾಗದು. ಬಯಲಿನವರು ಯಾರ ಕೈಗೂ ಸಿಗುವುದಿಲ್ಲ, ಅವರ ಕೈಯಲ್ಲಿ ನೀರಿನ ತಂಬಿಗೆಯೂ ನಿಲ್ಲುವುದಿಲ್ಲ.

ಕವಡೆಯ ವಿಷಯ ಹೇಳಲೇಬೇಕು. ಇಪ್ಪತ್ತು ಮುಖದ ದಾಳ ಅಂತರ್ಜಾಲದಲ್ಲಿ ತರಿಸಿದ್ದೆ, ಅದು ಬರುವವರೆಗೆ ಅಜ್ಜಿಯ ಕಾಲದ ಆರು ಕವಡೆಗಳಲ್ಲಿ ಆಡಿದೆವು. ಆಮೇಲೆ ದಾಳ ಬಂದರೂ ಯಾರಿಗೂ ಬೇಡವಾಯಿತು. ದಾಳದಲ್ಲಿ ಒಂದು ಬೀಳುವುದೂ ಇಪ್ಪತ್ತು ಬೀಳುವುದೂ ಸಮ. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುತ್ತವೆ ಎಂದು ಹಿಡಿದರೆ, 64 ರೀತಿಗಳಲ್ಲಿ 50ರಲ್ಲಿ ಎರಡು, ಮೂರು ಅಥವಾ ನಾಲ್ಕು ಬಾಯಿ ಮೇಲಾಗುತ್ತವೆ. ಆರೂ ಮೇಲಾಗುವುದು ಒಂದೇ ರೀತಿ. ಅಂದರೆ ಕಲಿತವನ ಕೈ ಸಾಮಾನ್ಯವಾಗಿ ಕಲಿತಷ್ಟನ್ನೇ ಮಾಡುತ್ತದೆ, ಪವಾಡ ಅಪರೂಪ. ರಿಯಾಜ್, ಅಂದರೆ ಹಾಡಿನ ಅಭ್ಯಾಸ, ಮಾಡಿದವರಿಗೆ ಇದು ಅರ್ಥವಾಗುತ್ತದೆ.

ಕಲಿಕೆಯ ಬೆಲೆಯನ್ನೂ ಊರಿನಿಂದಲೇ ತಂದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತವರು. ಗದಗಿನ ಮನೆ ಬಿಟ್ಟು ಓಡಿದ ಹುಡುಗ ಭೀಮಸೇನ ಜೋಶಿ ಉತ್ತರ ಭಾರತವೆಲ್ಲ ಸುತ್ತಿ ಕೊನೆಗೆ ಅದೇ ಕುಂದಗೋಳದಲ್ಲಿ ಗುರುಗಳ ಮನೆಗೆ ನೀರು ಹೊತ್ತರು. ಹಾಗಾಗಿ ನಮ್ಮ ಆಟದಲ್ಲಿ ಹೊಸ ಮಂತ್ರ ಬೇಕಾದವರು ಹಣ ಕೊಟ್ಟರೆ ಸಿಗದು, ಗುರುವಿನ ಮನೆಯ ನೀರು ಹೊರಬೇಕು. ಗುರುವಿನ ಹೆಸರು ಹೇಳುವಾಗ ಹಾಡುಗಾರರಂತೆ ಕಿವಿ ಮುಟ್ಟಿಕೊಳ್ಳದಿದ್ದರೆ ಮುಂದಿನ ಮಂತ್ರ ಕೆಡುತ್ತದೆ. ಈ ಎರಡನೆಯ ನಿಯಮ ಎಷ್ಟು ಅಂಟಿತೆಂದರೆ, ಅಳಿಯ ತನ್ನ ಗಣಿತದ ಮೇಷ್ಟರ ಹೆಸರು ಹೇಳುವಾಗಲೂ ಕಿವಿ ಹಿಡಿಯುತ್ತಾನೆ ಎಂದು ಅಕ್ಕ ಫೋನ್ ಮಾಡಿ ಕೇಳಿದಳು, ಇವನಿಗೆ ಏನಾಗಿದೆ ಎಂದು.

ಪಂಥ ಬದಲಿಸಬಹುದೇ ಎಂಬ ಪ್ರಶ್ನೆಗೆ ನಾನು ತಿಂಗಳುಗಟ್ಟಲೆ ಉತ್ತರ ಕೊಟ್ಟಿರಲಿಲ್ಲ. ಹಾಡಿನಲ್ಲಿ ಉತ್ತರ ಇದ್ದೇ ಇತ್ತು. ಮನ್ಸೂರರು ಮೊದಲು ನೀಲಕಂಠಬುವಾ ಆಲೂರಮಠ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತರು. ಆಮೇಲೆ ಜೈಪುರ–ಅತ್ರೌಲಿಯ ಮಂಜಿಖಾನರಿಗೆ, 1937ರಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿಖಾನರಿಗೆ ಶಿಷ್ಯರಾದರು. ಬದಲಿಸಬಹುದು ಎಂದು ಬರೆದೆ, ಆದರೆ ಹೊಸ ಮನೆಯಲ್ಲಿ ಮೊದಲ ದಿನದ ಶಿಷ್ಯನಾಗಿಯೇ ಕೂರಬೇಕು.

ಹೋದ ಭಾನುವಾರ ಆ ನಿಯಮ ಮೊದಲ ಸಲ ಕೆಲಸಕ್ಕೆ ಬಂತು. ಮೂವರೂ ಒಂದು ಬಾವಿಯ ತಳದಲ್ಲಿದ್ದರು. ಮೇಡಂ ಒಂದೆಳೆ ಹಿಡಿದು ನಾಲ್ಕು ಸರದಿ ದಾಟಿ ಕಲ್ಲಿನ ಬಾಗಿಲನ್ನು ಅರ್ಧ ಸರಿಸಿದ್ದರು. ಕತ್ತಲಲ್ಲಿ ಕಾಣುವುದಿಲ್ಲವೆಂದು ಅಳಿಯ ದೀಪ ಹಚ್ಚಿದ. ಹೆಣಿಗೆಯವನಲ್ಲವೇ, ಬೆಳಕಿನ ಜೊತೆಗೆ ಮೌನ ಜೋಡಿಸಿದ. ಶತ್ರುಗಳಿಗೆ ಸದ್ದು ಕೇಳಬಾರದೆಂಬ ಜಾಣತನ. ನಾದ ಕತ್ತರಿಸಿತು, ಬಾಗಿಲು ಮುಚ್ಚಿತು. ಕೆಂಪುಮನೆಯವನು ಒಂದು ಸುಳ್ಳು ಬಾಗಿಲು ತೋರಿಸಿ ಸಮಾಧಾನ ಮಾಡಲು ಹೋಗಿ ಮೇಡಂ ಅವರಿಂದ ಬೈಸಿಕೊಂಡ.

ಬಹಳ ಹೊತ್ತಿನ ಮೇಲೆ ಅಳಿಯ ಹೇಳಿದ, "ಮೇಡಂ, ನನಗೂ ಒಂದೆಳೆ ಕಲಿಸುತ್ತೀರಾ?"

"ಮೊದಲು ನೀರು ಹೊತ್ತು ತಾ" ಎಂದರು ಅವರು.

"ಎಷ್ಟು ಕೊಡ?"

ಅದನ್ನು ಕವಡೆಗೆ ಬಿಟ್ಟೆ. ಐದು ಜಮಖಾನೆಯ ಮೇಲೆ ಬಿದ್ದವು, ಆರನೆಯದು ಉರುಳಿ ಕಪಾಟಿನ ಕೆಳಗೆ ಹೋಯಿತು. ಕಸಬರಿಗೆ ತರಲು ಅಳಿಯನೇ ಎದ್ದ.