ಹಿನ್ನೀರಿನಲ್ಲಿ ಬಿರುಗಾಳಿ ಎದುರಾದಾಗ ದೋಣಿಯನ್ನು ದಡ ಸೇರಿಸುವುದು ಹೇಗೆ?

ಶರಾವತಿಯ ಹಿನ್ನೀರಿನಲ್ಲಿ ಏಪ್ರಿಲ್, ಮೇ ತಿಂಗಳ ದಿನಗಳು ಬಹುಪಾಲು ಒಂದೇ ಬಗೆಯಲ್ಲಿ ಸಾಗುತ್ತವೆ. ಬೆಳಿಗ್ಗೆ ನೀರು ಅಲುಗದೆ ಮಲಗಿರುತ್ತದೆ, ಮಧ್ಯಾಹ್ನ ಎರಡರ ಹೊತ್ತಿಗೆ ಸೆಕೆ ತಡೆಯಲಾರದಷ್ಟಾಗುತ್ತದೆ, ಮೂರರಿಂದ ಆರರ ನಡುವೆ ಎಲ್ಲೋ ಒಂದು ಕಡೆ ಗುಡುಗುತ್ತದೆ. ಗುಡುಗಿದ ಮೇಲೆ ದೋಣಿಯಲ್ಲಿರುವವರು ಮಾಡುವ ತಪ್ಪು ಕೂಡ ಒಂದೇ ಬಗೆಯದು. ಕಾರು, ಊಟದ ಬುತ್ತಿ, ಜೊತೆಗೆ ಬಂದವರು ಎಲ್ಲವೂ ಇರುವ, ತಾವು ಹೊರಟ ದಡಕ್ಕೇ ಮರಳಬೇಕೆಂದು ಪೂರ್ತಿ ವೇಗದಲ್ಲಿ ಬಯಲು ನೀರನ್ನು ಅಡ್ಡ ಹಾಯಲು ತೊಡಗುತ್ತಾರೆ. ಪಕ್ಕದಲ್ಲಿ ಇನ್ನೂರು ಮೀಟರ್ ದೂರದಲ್ಲಿ ನಡುಗಡ್ಡೆಯೊಂದಿದ್ದರೂ ಅದರತ್ತ ನೋಡುವುದಿಲ್ಲ. ಸಾಗರ, ಹೊಸನಗರ ಸೀಮೆಯ ಹಿನ್ನೀರಿನಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದರಿಂದಲೇ ಈ ಲೇಖನ ಬರೆಯುತ್ತಿದ್ದೇನೆ.

ಜಲಾಶಯದ ಗಾಳಿಯನ್ನು ಕಡಲ ಗಾಳಿಗಿಂತ ಸೌಮ್ಯವೆಂದು ಎಣಿಸುವವರು 2024ರ ಮೇ 21ರ ಸಂಜೆಯನ್ನು ನೆನಪಿಸಿಕೊಳ್ಳಬೇಕು. ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ ಕುಗಾಂವ್‌ನಿಂದ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿತು. ಆರು ಮಂದಿ ಮೃತಪಟ್ಟರು, ಒಬ್ಬರು ಮಾತ್ರ ಈಜಿ ದಡ ಸೇರಿದರು. ಮುಂದೆ ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಹರಿದು ಬರುವ ಭೀಮಾ ನದಿಗೆ ಕಟ್ಟಿದ ಜಲಾಶಯವೇ ಅದು.

ಹೊರಡುವ ಮೊದಲು

ಹವಾಮಾನ ಇಲಾಖೆಯ ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನೂ ಸಿಡಿಲಿನ ಎಚ್ಚರಿಕೆ ನೀಡುವ ‘ದಾಮಿನಿ’ ಅಥವಾ ‘ಸಿಡಿಲು’ ಆ್ಯಪನ್ನೂ ನೋಡಿ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಡದಲ್ಲಿರುವವರಿಗೆ ಹೇಳಿ ಹೊರಡಿ. ಹಿನ್ನೀರಿನ ಒಳಭಾಗದಲ್ಲಿ ಮೊಬೈಲ್ ಸಂಕೇತ ಸಿಗದ ಜಾಗಗಳು ಬಹಳ ಇರುವುದರಿಂದ, ನೀರಿಗೆ ಇಳಿದ ಮೇಲೆ ಆ್ಯಪ್ ನೋಡಿಕೊಂಡರಾಯಿತು ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಭರಣಿ, ಕೃತ್ತಿಕೆಯ ದಿನಗಳಲ್ಲಿ ಮಧ್ಯಾಹ್ನ ಒಂದು ಗಂಟೆಯೊಳಗೆ ದೋಣಿ ದಡದಲ್ಲಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸೂರ್ಯಾಸ್ತದ ಚಿತ್ರ ತೆಗೆಯಬೇಕೆಂದಿದ್ದರೆ ದಡದಿಂದಲೇ ತೆಗೆಯಿರಿ.

ಲೈಫ್ ಜಾಕೆಟನ್ನು ದೋಣಿ ಹತ್ತುವ ಮೊದಲೇ ತೊಟ್ಟು ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಹೊಯ್ದಾಡುವ ದೋಣಿಯಲ್ಲಿ ಎದ್ದು ನಿಂತು ಜಾಕೆಟ್ ತೊಡಲು ಹೋಗುವುದೇ ದೋಣಿ ಮಗುಚಲು ಸಾಕು. ತೊಟ್ಟವರ ಹೆಗಲ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆದಾಗ ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ನೀರಿನಲ್ಲಿ ತಲೆಯಿಂದ ಕಳಚಿಕೊಳ್ಳುತ್ತದೆ ಎಂದೇ ಅರ್ಥ. ಮಕ್ಕಳಿಗೆ ದೊಡ್ಡವರ ಜಾಕೆಟ್ ತೊಡಿಸಿ ಹಗ್ಗ ಸುತ್ತುವ ಪದ್ಧತಿಯನ್ನು ಕೂಡಲೇ ನಿಲ್ಲಿಸಬೇಕು, ಕಾಲುಗಳ ನಡುವೆ ಹಾಯುವ ಪಟ್ಟಿಯಿರುವ ಮಕ್ಕಳ ಜಾಕೆಟ್ಟೇ ಆಗಬೇಕು. ಒಳಗೆ ಥರ್ಮಾಕೋಲ್ ತುಂಬಿ ಮಾರುವ ಅಗ್ಗದ ಜಾಕೆಟ್‌ಗಳು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಒಳಗೇ ಮುರಿದು ಪುಡಿಯಾಗುತ್ತವೆ. ಹಿಚುಕಿದಾಗ ಕರಕರ ಸದ್ದಾದರೆ ಬೇರೆ ಜಾಕೆಟ್ ಕೇಳಿ, ಬೇರೆ ಇಲ್ಲವೆಂದರೆ ಆ ದೋಣಿ ಹತ್ತಬೇಡಿ. ರೇನ್‌ಕೋಟ್ ತೊಡುವುದಿದ್ದರೆ ಅದು ಒಳಗೆ, ಜಾಕೆಟ್ ಹೊರಗೆ.

ಆಕಾಶದ ಸೂಚನೆ

ಬೇಸಿಗೆಯ ಗುಡುಗು ಮಳೆಯಲ್ಲಿ ಮಳೆಗಿಂತ ಗಾಳಿ ಮೊದಲು ಬರುತ್ತದೆ. ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಆವಿಯಾಗುತ್ತ ಆ ಗಾಳಿಯನ್ನು ತಂಪಾಗಿಸುತ್ತವೆ. ತಂಪಾದ ಗಾಳಿ ಭಾರವಾಗಿ ಕೆಳಗೆ ಕುಸಿಯುತ್ತದೆ, ನೀರಿನ ಮೇಲ್ಮೈಗೆ ಬಡಿದು ಸುತ್ತಲೂ ಹರಡುತ್ತದೆ. ಈ ಅಲೆಗಾಳಿ ಮಳೆಗಿಂತ ಹಲವು ಕಿಲೋಮೀಟರ್ ಮುಂದೆ ಓಡಬಲ್ಲದು. ಆದ್ದರಿಂದ ‘ಮಳೆ ಇನ್ನೂ ಆ ಗುಡ್ಡದ ಆಚೆಗಿದೆ’ ಎಂಬ ಸಮಾಧಾನಕ್ಕೆ ಬೆಲೆಯಿಲ್ಲ.

ಹೂಕೋಸಿನಂತೆ ಉಬ್ಬುತ್ತಿದ್ದ ಮೋಡದ ತಳ ಕಪ್ಪಾಗುವುದು, ಅದರ ಮುಂದೆ ಸುರುಳಿಯಂತಹ ತಗ್ಗು ಮೋಡ ಕಾಣಿಸುವುದು, ಬೀಸುತ್ತಿದ್ದ ಗಾಳಿ ಒಮ್ಮೆಲೇ ನಿಂತುಹೋಗುವುದು, ಬಳಿಕ ಬೇರೆ ದಿಕ್ಕಿನಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗುವುದು, ದೂರದ ನೀರಿನ ಮೇಲೆ ಕಪ್ಪು ಗೆರೆಯೊಂದು ನಿಮ್ಮತ್ತ ಸರಿಯುವುದು, ಇವು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತವೆ. ಕೊನೆಯದು ಕಂಡಾಗ ನಿಮಗೆ ಉಳಿದಿರುವುದು ಕೆಲವೇ ನಿಮಿಷ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಮೂವತ್ತು ಸೆಕೆಂಡ್ ಎಂದರೆ ಹತ್ತು ಕಿಲೋಮೀಟರ್, ಆ ದೂರದಿಂದಲೂ ಸಿಡಿಲು ನಿಮ್ಮನ್ನು ಮುಟ್ಟಬಲ್ಲದು. ಆದರೆ ಎಣಿಸುತ್ತ ಕೂರುವುದಕ್ಕಿಂತ ಮೊದಲ ಗುಡುಗು ಕೇಳಿದ ಕೂಡಲೇ ದೋಣಿ ತಿರುಗಿಸುವುದು ಮೇಲು.

ಯಾವ ದಡ?

ಹತ್ತಿರದ ದಡ. ಅದರಲ್ಲೂ ಗಾಳಿಮರೆಯ ದಡ. ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಆ ಕಡೆಯ ದಡದ ಬುಡದಲ್ಲಿ ನೀರು ಶಾಂತವಾಗಿರುತ್ತದೆ, ಏಕೆಂದರೆ ಅಲೆ ಎದ್ದು ಬೆಳೆಯಲು ಅಲ್ಲಿ ಓಟದ ಜಾಗವಿರುವುದಿಲ್ಲ. ಗಾಳಿ ತಳ್ಳುವ ಕಡೆಯ ದಡಕ್ಕೆ ಸೇರುವುದು ಸುಲಭವೆಂದು ತೋರುತ್ತದೆ, ಆದರೆ ಬಯಲು ನೀರನ್ನೆಲ್ಲ ದಾಟಿ ಬಂದ ಅಲೆಗಳು ಒಡೆಯುವುದು ಅಲ್ಲಿಯೇ. ನಡುಗಡ್ಡೆಯಾದರೆ ಗಾಳಿ ಬಡಿಯದ ಅದರ ಹಿಂಬದಿಗೆ ಸುತ್ತಿ ಹೋಗಿ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಒಣಬೊಡ್ಡೆಗಳು ಇಂದಿಗೂ ನಿಂತಿವೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಯ ಕೊನೆಗೆ ನೀರು ಅದಕ್ಕಿಂತ ಹತ್ತಾರು ಅಡಿ ಕೆಳಗಿಳಿದಾಗ ಕೆಲವು ಬೊಡ್ಡೆಗಳು ಮೇಲೆ ಕಾಣುತ್ತವೆ, ಕೆಲವು ಗೇಣುದ್ದ ನೀರಿನ ಕೆಳಗೆ ಅಡಗಿರುತ್ತವೆ, ಮಡೆನೂರಿನ ಕಡೆ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ತಲೆಯೆತ್ತುತ್ತದೆ. ಗುಡುಗು ಮಳೆ ಹೆಚ್ಚು ಬರುವ ಕಾಲವೂ ಅದೇ. ಅಲೆಯೆದ್ದ ನೀರಿನಲ್ಲಿ ಬೊಡ್ಡೆ ಕಾಣುವುದಿಲ್ಲ, ಆದ್ದರಿಂದ ದಡ ಸಮೀಪಿಸುವಾಗ ವೇಗ ತಗ್ಗಿಸಿ, ಮುಂದೆ ಕುಳಿತವರಿಗೆ ನೀರನ್ನೇ ನೋಡುತ್ತಿರಲು ಹೇಳಿ. ನೀರಿನಲ್ಲಿ ನಿಂತ ಒಣಮರಕ್ಕೆ ದೋಣಿ ಕಟ್ಟಿ ಮಳೆ ನಿಲ್ಲಲಿ ಎಂದು ಕಾಯುವವರನ್ನೂ ನೋಡಿದ್ದೇನೆ. ಸುತ್ತಲಿನ ಬಯಲು ನೀರಿನಲ್ಲಿ ಅತಿ ಎತ್ತರದ ವಸ್ತು ಆ ಮರವೇ ಆಗಿರುತ್ತದೆ, ಸಿಡಿಲು ಹುಡುಕುವುದೂ ಅದನ್ನೇ.

ದಡ ಸೇರುವ ಮೊದಲೇ ಗಾಳಿ ಬಂದರೆ

ಎಲ್ಲಕ್ಕಿಂತ ಕಷ್ಟದ ಹಂತ ಇದು. ಗಾಳಿಯ ವೇಗ ಗಂಟೆಗೆ 20 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಅದು ದೋಣಿಯನ್ನು ತಳ್ಳುವ ಬಲ ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಮೊದಲ ಕೆಲಸ ದೋಣಿಯ ಮೇಲಿನ ಬಟ್ಟೆ ಅಥವಾ ತಾಡಪಾಲಿನ ಚಾವಣಿಯನ್ನು ಇಳಿಸುವುದು. ಬಿಚ್ಚಲು ಬಾರದಿದ್ದರೆ ಹಗ್ಗ ಕೊಯ್ದು ಕೆಡವಿ. ಪ್ರವಾಸಿಗರಿಗೆ ನೆರಳಾಗಲೆಂದು ಹಾಕಿದ ಚಾವಣಿ ಆ ಕ್ಷಣದಲ್ಲಿ ಹಾಯಿಯಾಗಿ, ದೋಣಿಯನ್ನು ಪಕ್ಕಕ್ಕೆ ಮಲಗಿಸುತ್ತದೆ. ಕೊಡೆ ಬಿಚ್ಚುವವರನ್ನು ಗದರಿಸಿಯಾದರೂ ತಡೆಯಿರಿ.

ಎರಡನೆಯದು ಎಲ್ಲರನ್ನೂ ಆಸನದಿಂದ ಇಳಿಸಿ ದೋಣಿಯ ತಳದಲ್ಲಿ, ನಡುವಿಗೆ ಹತ್ತಿರವಾಗಿ ಕೂರಿಸುವುದು. ನಿಂತ ಒಬ್ಬರು ಕುಳಿತ ನಾಲ್ವರಿಗಿಂತ ಹೆಚ್ಚು ಅಪಾಯಕಾರಿ. ಅಲೆ ಕಂಡ ಕಡೆಯಿಂದ ಎದ್ದು ಆಚೆ ಬದಿಗೆ ಓಡುವುದು ಮನುಷ್ಯ ಸಹಜವಾದರೂ ದೋಣಿಗಳು ಮಗುಚುವುದು ಹಾಗೆಯೇ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದಾಗ ‘ಜಲಕನ್ಯಕ’ ದೋಣಿ ಮಗುಚಿ 45 ಮಂದಿ ಸತ್ತದ್ದು ಗಾಳಿಯೇ ಇಲ್ಲದ ನೀರಿನಲ್ಲಿ.

ಇನ್ನು ದೋಣಿಯ ಮೂತಿ. ಅಲೆ ದೋಣಿಯ ಪಕ್ಕೆಗೆ ಬಡಿಯಲು ಬಿಡಲೇಬಾರದು. ಮೂತಿಯನ್ನು ನೇರವಾಗಿ ಅಲೆಗೆ ಕೊಟ್ಟರೆ ದೋಣಿ ಮೇಲೆದ್ದು ದಬ್ಬನೆ ಬೀಳುತ್ತ ನೀರು ತುಂಬಿಕೊಳ್ಳುತ್ತದೆ, ಆದ್ದರಿಂದ ಅಲೆ ಬರುವ ದಿಕ್ಕಿಗೆ 30ರಿಂದ 45 ಡಿಗ್ರಿ ಓರೆಯಾಗಿ ಮೂತಿ ಇರಲಿ. ಎಂಜಿನ್ ವೇಗವನ್ನು ಚುಕ್ಕಾಣಿ ಮಾತು ಕೇಳುವಷ್ಟಕ್ಕೆ ಇಳಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ. ನಿಂತ ದೋಣಿ ತಾನಾಗಿಯೇ ಅಲೆಗೆ ಪಕ್ಕೆ ಕೊಡುತ್ತದೆ. ಅಲೆ ಏರುವಾಗ ಸ್ವಲ್ಪ ವೇಗ, ನೆತ್ತಿ ದಾಟಿ ಇಳಿಯುವಾಗ ತುಸು ಕಡಿಮೆ, ಹೀಗೆ ಕೈ ಆಡುತ್ತಲೇ ಇರಬೇಕು. ಓರೆಯಾಗಿ ಸಾಗುತ್ತ ಹೋದಾಗ ನೀವು ಗುರಿಯಿಟ್ಟ ದಡದಿಂದ ಒಂದಿಷ್ಟು ಆಚೆ ಸೇರಬಹುದು, ಅದಕ್ಕೆ ಚಿಂತಿಸಬೇಡಿ.

ಗುರಿಯಿಟ್ಟ ದಡ ಇನ್ನೊಂದು ಮಗ್ಗುಲಲ್ಲಿದ್ದು ದೋಣಿ ತಿರುಗಿಸಲೇಬೇಕಾದರೆ ಆತುರ ಬೇಡ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಮೂರು ನಾಲ್ಕು ದೊಡ್ಡ ಅಲೆಗಳ ಹಿಂದೆ ಸಣ್ಣವು ಕೆಲವು ಬರುತ್ತವೆ. ದೊಡ್ಡವು ದಾಟುವವರೆಗೆ ಮೂತಿಯನ್ನು ಹಾಗೆಯೇ ಹಿಡಿದಿದ್ದು, ಸಣ್ಣವು ಬಂದ ಕೂಡಲೇ ವೇಗ ಹೆಚ್ಚಿಸಿ ಒಂದೇ ಉಸಿರಿಗೆ ತಿರುಗಿಸಿ. ಅರ್ಧ ತಿರುಗಿಸಿ ಅನುಮಾನಿಸಿದರೆ ದೋಣಿ ಅಡ್ಡಲಾಗಿಯೇ ಉಳಿಯುತ್ತದೆ. ಗಾಳಿ ಬೆನ್ನಿಗಿರುವಂತೆ ಓಡಿಸುವುದು ನೆಮ್ಮದಿ ಅನಿಸಿದರೂ ಹಿಂದಿನಿಂದ ಬರುವ ಅಲೆ ದೋಣಿಯನ್ನು ಎತ್ತಿ ತಿರುವಿ ಪಕ್ಕೆಗೆ ಬೀಳಿಸಬಲ್ಲದು. ಬೇರೆ ದಾರಿಯಿಲ್ಲದಾಗ ಮಾತ್ರ, ಅಲೆಗಿಂತ ನಿಧಾನವಾಗಿ, ಮುಂದಿನವರನ್ನು ಸ್ವಲ್ಪ ಹಿಂದಕ್ಕೆ ಕೂರಿಸಿಕೊಂಡು ಹಾಗೆ ಹೋಗಿ.

ಎಂಜಿನ್ ಕೆಟ್ಟರೆ ಬಕೆಟ್ ಬೇಕಾಗುತ್ತದೆ. ಹತ್ತು ಹದಿನೈದು ಮೀಟರ್ ಹಗ್ಗದ ತುದಿಗೆ ಬಕೆಟ್ ಕಟ್ಟಿ ಮೂತಿಯಿಂದ ನೀರಿಗೆ ಬಿಟ್ಟರೆ, ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳುವಾಗ ನೀರು ತುಂಬಿದ ಬಕೆಟ್ ಎಳೆತ ಕೊಟ್ಟು ಮೂತಿಯನ್ನು ಅಲೆಗೆ ಎದುರಾಗಿಯೇ ಹಿಡಿದಿಡುತ್ತದೆ. ಬಹಳಷ್ಟು ಮಂದಿ ತಾವು ಕುಳಿತ ಹಿಂಭಾಗದಿಂದಲೇ ಅದನ್ನು ಬಿಡುತ್ತಾರೆ. ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಹಿಂಭಾಗ ಆಗ ಅಲೆಗೆ ಎದುರಾಗಿ ದೋಣಿ ತುಂಬಿಹೋಗುತ್ತದೆ. ಅಂಗಡಿಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಬಕೆಟ್ ಇದಕ್ಕೆ ಸಲ್ಲದು, ಮೊದಲ ಎಳೆತಕ್ಕೇ ಅದರ ತಂತಿ ಹಿಡಿ ಕಳಚಿಕೊಳ್ಳುತ್ತದೆ. ಬಾಯಂಚಿನಲ್ಲಿ ನಾಲ್ಕು ತೂತು ಕೊರೆದು, ನಾಲ್ಕರಿಂದಲೂ ಹಗ್ಗ ಎಳೆದು ಗಂಟು ಹಾಕಿದ ದಪ್ಪ ಬಕೆಟ್ಟೇ ಇರಲಿ. ಲಂಗರು ಬಿಡುವುದು ಇಲ್ಲಿ ಉತ್ತಮವಲ್ಲ. ಆಳದಲ್ಲಿ ಅದು ತಳ ಮುಟ್ಟುವುದಿಲ್ಲ, ಮುಟ್ಟಿದಲ್ಲಿ ಬೊಡ್ಡೆಗೆ ಸಿಕ್ಕಿ ಮೂತಿಯನ್ನು ನೀರಿಗೆ ಜಗ್ಗುತ್ತದೆ. ಹಾಗೆ ಸಿಕ್ಕಿಕೊಂಡರೆ ಹಗ್ಗ ಕತ್ತರಿಸಲು ಚಾಕು ಕೈಗೆಟುಕುವಲ್ಲಿರಬೇಕು. ಒಳಬಂದ ನೀರನ್ನು ಒಬ್ಬರು ಬಿಡದೆ ಎತ್ತಿ ಹಾಕುತ್ತಿರಲಿ, ಏಕೆಂದರೆ ತಳದ ನೀರು ದೋಣಿ ವಾಲಿದ ಕಡೆಗೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತದೆ.

ತೆಪ್ಪದ ಲೆಕ್ಕವೇ ಬೇರೆ. ಅದಕ್ಕೆ ಮೂತಿಯೂ ಇಲ್ಲ, ನೀರನ್ನು ಕಚ್ಚಿ ಹಿಡಿಯುವ ಅಡಿಗಟ್ಟೂ ಇಲ್ಲ. ಗಾಳಿಗೆದುರಾಗಿ ಹುಟ್ಟು ಹಾಕುವುದು ತೋಳಿನ ಶಕ್ತಿಯನ್ನು ಪೋಲು ಮಾಡುವುದಷ್ಟೇ. ಎಲ್ಲರೂ ತಳಕ್ಕಂಟಿ ವೃತ್ತಾಕಾರವಾಗಿ ಕುಳಿತು, ಗಾಳಿ ಒಯ್ಯುವ ಕಡೆಗೇ ಓರೆಯಾಗಿ ಸಾಗುತ್ತ ಸಿಕ್ಕ ಮೊದಲ ನಡುಗಡ್ಡೆಯನ್ನು ಹಿಡಿಯಬೇಕು. ಹೊನ್ನೇಮರಡುವಿನಂತಹ ಕಡೆ ತೆಪ್ಪ, ಕಯಾಕ್ ಕಲಿಯುವವರು ದಡದ ಅಂಚಿನಲ್ಲೇ ಇರುವುದು ಒಳ್ಳೆಯದು. ಆನ್‌ಲೈನ್‌ನಲ್ಲಿ ಸಿಗುವ ಗಾಳಿ ತುಂಬುವ ಕಯಾಕ್ ಹಿನ್ನೀರಿಗೆ ತಕ್ಕುದಲ್ಲ. ಗಾಳಿ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ, ಬೊಡ್ಡೆಯ ಚೂಪು ತಾಗಿದರೆ ಹರಿಯುತ್ತದೆ.

ಸಿಡಿಲಿನ ಹೊತ್ತಿನಲ್ಲಿ

ಗಾಳವನ್ನು ಮಲಗಿಸಿ, ಕೈಯನ್ನು ನೀರಿನಿಂದಲೂ ಲೋಹದ ಭಾಗಗಳಿಂದಲೂ ದೂರವಿಡಿ, ತಗ್ಗಿ ಕುಳಿತಿರಿ.

ಮಗುಚಿದರೆ

ಮೊದಲು ತಲೆ ಎಣಿಸಿ. ಆಮೇಲೆ ದೋಣಿಯನ್ನು ಬಿಡಬೇಡಿ. ಫೈಬರ್ ದೋಣಿಯಾಗಲಿ ತೆಪ್ಪವಾಗಲಿ ಮಗುಚಿದ ಮೇಲೂ ಸಾಮಾನ್ಯವಾಗಿ ತೇಲುತ್ತಿರುತ್ತದೆ, ಹುಡುಕಿ ಬರುವವರಿಗೆ ಒಂಟಿ ತಲೆಗಿಂತ ದೋಣಿ ಬೇಗ ಕಾಣುತ್ತದೆ. ನೀರಿನ ಮಟ್ಟದಿಂದ ನೋಡುವಾಗ ದಡ ಇರುವುದಕ್ಕಿಂತ ಹತ್ತಿರವೆನಿಸುವುದರಿಂದ, ಚೆನ್ನಾಗಿ ಈಜುವವರೇ ಹೊರಟು ನಡುವೆ ಸೋಲುತ್ತಾರೆ. ಗಾಳಿ ಬರುವ ಬದಿಯಲ್ಲಿದ್ದು ದೋಣಿಯನ್ನು ಹಿಡಿದುಕೊಳ್ಳಿ, ಆಚೆ ಬದಿಯಲ್ಲಿದ್ದರೆ ಅಲೆ ದೋಣಿಯನ್ನು ನಿಮ್ಮ ಮೇಲೆಯೇ ತಳ್ಳಿ ಬೊಡ್ಡೆಗೆ ಒತ್ತಬಹುದು. ಮಕ್ಕಳನ್ನು ಮಗುಚಿದ ದೋಣಿಯ ಬೆನ್ನಿನ ಮೇಲೆ ಹತ್ತಿಸಿ, ದೊಡ್ಡವರು ತೋಳಿಗೆ ತೋಳು ಸೇರಿಸಿ ಒಟ್ಟಿಗಿರಿ.

ದಡ ಸೇರಿದ ಮೇಲೆ

ದೋಣಿಯನ್ನು ಮೇಲಕ್ಕೆ ಎಳೆದು, ನೀರಿನಂಚಿನಿಂದಲೂ ಒಂಟಿ ಮರಗಳಿಂದಲೂ ದೂರದ ತಗ್ಗಿನಲ್ಲಿ ಚದುರಿ ಕುಳಿತುಕೊಳ್ಳಿ. ಸಂಕೇತ ಸಿಕ್ಕರೆ ದಡದವರಿಗೆ ಫೋನ್ ಮಾಡಿ, ಯಾರಾದರೂ ಕಾಣೆಯಾಗಿದ್ದರೆ ಕೂಡಲೇ 112ಕ್ಕೆ ಕರೆ ಮಾಡಿ. ಇಂತಹ ಒಂದು ಮೋಡ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಆದರೆ ಅದರ ಬೆನ್ನಿಗೇ ಇನ್ನೊಂದು ಹುಟ್ಟಿಕೊಳ್ಳುವುದುಂಟು. ಆದ್ದರಿಂದ ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಳೆಯುವವರೆಗೆ ನೀರಿಗೆ ಇಳಿಯಬೇಡಿ, ನಡುವೆ ಮತ್ತೊಮ್ಮೆ ಗುಡುಗಿದರೆ ಎಣಿಕೆಯನ್ನು ಮೊದಲಿನಿಂದ ಆರಂಭಿಸಿ. ಅಷ್ಟರಲ್ಲಿ ಕತ್ತಲಾದರೆ ಬೊಡ್ಡೆಗಳ ನಡುವೆ ದೋಣಿ ಬಿಡುವ ಮಾತೇ ಬೇಡ. ನೆಲದ ದಾರಿಯಿದ್ದರೆ ಹತ್ತಿರದ ಊರಿಗೆ ನಡೆದು ಹೋಗಿ. ನಡುಗಡ್ಡೆಯಲ್ಲಿದ್ದರೆ ದೋಣಿಯಲ್ಲಿ ನಿಂತ ನೀರನ್ನು ಪೂರ್ತಿ ಖಾಲಿ ಮಾಡಿ, ಇಳಿಸಿದ ತಾಡಪಾಲು ಉಳಿದಿದ್ದರೆ ಅದನ್ನು ಹೊದ್ದು ಬೆಳಗಿನವರೆಗೆ ಅಲ್ಲಿಯೇ ಇರಿ.